ಅಡಕೊತ್ತು ಹಚ್ಚಿದ ಗೇಟು

ಆ ಗೇಟಿನ ಅಗಲ ಇಪ್ಪತ್ತೆರಡು ಇಂಚು. ಮೇಲಿನಿಂದ ಬಂದ ನಕ್ಷೆಯಲ್ಲಿ ಇಪ್ಪತ್ತೆಂಟು ಎಂದಿತ್ತು. ಆರು ಇಂಚು ಕಡಿಮೆ ಮಾಡಿದ್ದು ನನ್ನ ಜಾಣತನ. ಇಪ್ಪತ್ತೆಂಟಿದ್ದರೆ ಇಬ್ಬರು ತೆಳ್ಳನೆಯವರು ಮೈಗೆ ಮೈ ಹತ್ತಿಸಿ ಒಟ್ಟಿಗೆ ನುಸುಳಬಹುದು, ಒಂದೇ ಟಿಕೆಟ್ಟಿನಲ್ಲಿ ಇಬ್ಬರೂ ಪಾರಾಗಬಹುದು ಎಂದು ನಾನು ಮೇಜಿನ ಮುಂದೆ ಕುಳಿತು ತರ್ಕ ಮಾಡಿದ್ದೆ. ಮೇಜಿನ ಮುಂದೆ ಕುಳಿತಾಗ ಮನುಷ್ಯರೆಲ್ಲ ಬರಿಗೈಯಲ್ಲೇ ನಡೆಯುತ್ತಾರೆ.

ನಾನು ಆಗ ವಾಡಿಯಲ್ಲಿ ಓವರ್‌ಸಿಯರ್. ರೈಲ್ವೆಯ ಬೇಲಿ, ನಲ್ಲಿ, ಚಾವಣಿ, ಸಂಡಾಸು ಎಲ್ಲದರ ರಿಪೇರಿ ನನ್ನ ಪಾಲಿಗಿತ್ತು. ಕಚೇರಿಗಳ ಬೋರ್ಡಿನ ಮೇಲೆ ಮೈಸೂರು ಅಳಿಸಿ ಕರ್ನಾಟಕ ಎಂದು ಬರೆಯುತ್ತಿದ್ದ ಕಾಲ. ವಾಡಿ ಮತ್ತು ಶಹಾಬಾದಿನ ನಡುವೆ ಒಂದು ಸಣ್ಣ ನಿಲ್ದಾಣವಿತ್ತು, ಹೆಸರು ಬೇಡ. ಅದರ ಒಂದು ಬದಿಗೆ ಪ್ಲಾಟ್‌ಫಾರ್ಮು, ಹೊರಗೆ ಹೋಗುವ ದಾರಿ. ಇನ್ನೊಂದು ಬದಿಗೆ ಕಲ್ಲು ತುಂಬುವ ವ್ಯಾಗನ್‌ಗಳು ನಿಲ್ಲುವ ಸೈಡಿಂಗು, ಅದರಾಚೆ ಫರ್ಸಿ ಕಲ್ಲಿನ ಖಣಿ. ಸೇಡಂ ಕಡೆಯಿಂದ ಚಿತ್ತಾಪುರ, ವಾಡಿ ಹಾಯ್ದು ಬರುವ ಬೆಳಗಿನ ಪ್ಯಾಸೆಂಜರಿನಲ್ಲಿ ಖಣಿಯ ಕೂಲಿಗಳು ತಂಡತಂಡವಾಗಿ ಬಂದಿಳಿಯುತ್ತಿದ್ದರು. ಹೆಂಗಸರೇ ಹೆಚ್ಚು.

ಸಮಸ್ಯೆ ಇಷ್ಟು. ಪ್ರಯಾಣ ಮುಗಿದ ಮೇಲೆ ಟಿಕೆಟ್ಟನ್ನು ಗೇಟಿನಲ್ಲಿ ಒಪ್ಪಿಸಿ ಹೋಗಬೇಕು, ಅದು ನಿಯಮ. ಆದರೆ ಈ ನಿಲ್ದಾಣದಲ್ಲಿ ಇಳಿಯುವ ಮಂದಿ ಬಹಳ, ಕೈಗೆ ಬರುವ ಟಿಕೆಟ್ ಸ್ವಲ್ಪ. ಅಂದರೆ ಇವರೆಲ್ಲ ಪುಕ್ಕಟೆ ಬರುವವರು ಎಂದು ಮೇಲಿನ ಸಾಹೇಬರು ತೀರ್ಮಾನಿಸಿದರು. ನನ್ನನ್ನು ಕರೆದು, ಯಾರೂ ತಪ್ಪಿಸಿಕೊಳ್ಳಲಾಗದ ಗೇಟು ಮಾಡು, ಬೇಸಿಗೆ ಮುಗಿಯುವುದರೊಳಗೆ ತಪಾಸಣೆಗೆ ಬರುತ್ತೇನೆ ಎಂದರು. ನನಗೂ ಹುರುಪು. ಕುಳಿತಲ್ಲಿ ಕುಳಿತಿರಲಾರದ ಜಾತಿ ನನ್ನದು. ಕೆಲಸ ಕೈಗೆ ಬಂತೆಂದರೆ ಊಟದ ನಡುವೆ ಎದ್ದು ಹೋಗಿ ಅಳತೆ ಹಿಡಿದು ಬರುತ್ತಿದ್ದೆ.

ಹಳೆಯ ರೈಲು ಕಂಬಿಯ ತುಂಡುಗಳನ್ನು ನೆಟ್ಟು, ನಡುವೆ ಕಬ್ಬಿಣದ ಪಟ್ಟಿ ಹಾಕಿ, ಮೂರು ತಿರುವಿನ ಸಂದು ಮಾಡಿಸಿದೆ. ಮೊದಲ ತಿರುವಿನಲ್ಲಿ ನಡಿಗೆ ನಿಧಾನವಾಗಬೇಕು, ಎರಡನೆಯದರಲ್ಲಿ ಟಿಕೆಟ್ ಕಲೆಕ್ಟರನಿಗೆ ಮುಖ ಕಾಣಬೇಕು, ಮೂರನೆಯದರಲ್ಲಿ ಟಿಕೆಟ್ ಅವನ ಕೈಗೆ ಬೀಳಬೇಕು. ನನ್ನ ಕೈಕೆಳಗಿನ ಖಲಾಸಿಗಳನ್ನು ಹತ್ತು ಸಲ ಓಡಾಡಿಸಿ ನೋಡಿದೆ. ಎಲ್ಲಿಯೂ ತಡೆಯಿಲ್ಲ. ಆ ರಾತ್ರಿ ಹೆಂಡತಿಗೂ ಗೇಟಿನ ಗುಣಗಾನ ಮಾಡಿದ್ದಾಯಿತು.

ಮರುದಿನ ಬೆಳಿಗ್ಗೆ ಗಾಡಿ ಬಂತು. ಮೊದಲು ಬಂದ ಹೆಂಗಸಿನ ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಸುತ್ತಿಗೆ, ಉಳಿ, ರೊಟ್ಟಿ ಗಂಟು. ಬುಟ್ಟಿಯ ಅಗಲವೇ ಎರಡು ಅಡಿ. ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಳು. ಹಿಂದಿನವಳು ಅವಳಿಗೆ ಒತ್ತಿಕೊಂಡಳು. ಅವರ ಹಿಂದೆ ಇನ್ನೂ ಐವತ್ತು ಜನ. ಬುಟ್ಟಿ ಇಳಿಸೋಣವೆಂದರೆ ಕೈ ಆಡಿಸಲು ಜಾಗವಿಲ್ಲ.

"ಎಪ್ಪಾ, ಇದೇನು ದನದ ಕೊಂಡವಾಡ ಮಾಡೀರಿ?" ಎಂದಳು ಅವಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಇರುವುದು ಚಿತ್ತಾಪುರದಲ್ಲಾದರೂ ತವರು ತೆಂಗಳಿಯಂತೆ. ಜೊತೆಯವರು ಅವಳನ್ನು ತೆಂಗಳಿಯಾಕಿ ಎಂದೇ ಕರೆಯುತ್ತಿದ್ದರು.

ಕಲೆಕ್ಟರ್ ಟಿಕೆಟ್ಟಿಗೆ ಕೈಯೊಡ್ಡಿದ. ಅವಳು ತೋರಿಸಿದಳು, ಬಿಡಲಿಲ್ಲ. ದಪ್ಪ ರಟ್ಟಿನ ಕಂದು ಟಿಕೆಟ್. ಒಂದು ತುದಿಯಲ್ಲಿ ತಾರೀಖಿನ ಅಚ್ಚು. ಅದೇ ತುದಿಯಲ್ಲಿ ಹಲ್ಲಿನ ಗುರುತು ಒತ್ತಿತ್ತು, ನಡುವೆ ಒಂದು ಹಲ್ಲಿನ ಜಾಗ ಖಾಲಿ. ಅವಳ ಬಾಯಿ ನೋಡಿದೆ. ಮುಂದಿನ ಒಂದು ಹಲ್ಲಿರಲಿಲ್ಲ.

"ಟಿಕೆಟ್ ಯಾಕ ಕಚ್ಚೀದಿ?" ಎಂದು ನಾನು ಕೇಳಿದೆ.

"ನನ್ನ ಗುರ್ತರೀ ಅದು," ಎಂದು ನಕ್ಕಳು. ನನಗೆ ಅದು ಉದ್ಧಟತನವಾಗಿ ಕಂಡಿತು. ಹಿಂದಿನವರ ಕೂಗಾಟ ಹೆಚ್ಚಾದದ್ದರಿಂದ ಕಲೆಕ್ಟರ್ ಅವಳನ್ನು ಹಾಗೆಯೇ ಬಿಟ್ಟುಬಿಟ್ಟ.

ಮೂರು ದಿನದಲ್ಲಿ ಗೇಟು ಖಾಲಿಯಾಯಿತು. ಕಲೆಕ್ಟರ್ ಮೆತ್ತನೆಯ ಮನುಷ್ಯ, ಯಾರನ್ನೂ ನೋಯಿಸಲಾರ. ಕರಿಕೋಟಿನ ಧೂಳು ಕೊಡವುತ್ತ ನನ್ನ ಬಳಿ ಬಂದ.

"ಗೇಟ್ ಭಾಳ ಚಂದ ಆಗ್ಯಾದ್ರಿ ಸಾಹೇಬ್ರ. ಆದ್ರ ಮಂದೀನೇ ಬರವಲ್ರು."

"ಮತ್ತ ಎಲ್ಲಿಗೆ ಹೋಗ್ಲಿಕತ್ತಾರ?"

"ಆಕಡಿ ಬಾಗಲದಾಗ ಇಳದು ಸೀದಾ ಖಣಿಗಿ ಹೋಗ್ಲಿಕತ್ತಾರ್ರಿ."

ನಿಜ. ಗಾಡಿ ನಿಲ್ಲುತ್ತಲೇ ಪ್ಲಾಟ್‌ಫಾರ್ಮಿಲ್ಲದ ಬದಿಯ ಬಾಗಿಲಿನಿಂದ ಜಲ್ಲಿಯ ಮೇಲೆ ಧುಮುಕಿ, ನಿಂತ ವ್ಯಾಗನ್ ಸಾಲಿನ ತುದಿಯನ್ನು ಬಳಸಿಕೊಂಡು, ಕಾಲುದಾರಿ ಹಿಡಿದು ಎಲ್ಲರೂ ಖಣಿಗೆ ಹೋಗುತ್ತಿದ್ದರು. ಗೇಟಿನಲ್ಲಿ ಬರುವವರು ಬಿಳಿ ಅಂಗಿಯವರು, ಅದರಲ್ಲೂ ಕೆಲವರು ಕಲೆಕ್ಟರನಿಗೆ ನಮಸ್ಕಾರ ಹೊಡೆದು ಟಿಕೆಟ್ ಕೊಡದೆಯೇ ಹೋಗುತ್ತಿದ್ದರು. ಒಮ್ಮೆ ಹಾಗೆ ಹೋಗುತ್ತಿದ್ದವನನ್ನು ತಡೆದು ನಿಲ್ಲಿಸಿದರೆ ಅವನು ನನ್ನ ಹೆಂಡತಿಯ ತಮ್ಮ. "ನಮ್ಮ ಮಾಮಾಂದೇ ಗೇಟಲ್ಲೇನು" ಎಂದ! ಆ ಕತೆಯನ್ನು ಸಾಹೇಬರಿಗೆ ಬರೆದ ವರದಿಯಲ್ಲಿ ಸೇರಿಸಲಿಲ್ಲ.

ಆ ವಾರದ ಕೊನೆಗೆ ಮಧ್ಯಾಹ್ನದ ಗಾಡಿಯ ಹೊತ್ತಿಗೆ ನಾನೇ ಗೇಟಿನಲ್ಲಿ ನಿಂತೆ. ಖಣಿಯ ಎರಡನೆಯ ತಂಡದ ಗಂಡಸೊಬ್ಬ ಬಂದು ಟಿಕೆಟ್ ಚಾಚಿದ. ತುದಿಯಲ್ಲಿ ಹಲ್ಲಿನ ಗುರುತು, ನಡುವೆ ಒಂದು ಹಲ್ಲಿನ ಜಾಗ ಖಾಲಿ. ಬೆಳಿಗ್ಗೆ ಅದೇ ಟಿಕೆಟ್ಟಿನಲ್ಲಿ ತೆಂಗಳಿಯಾಕಿ ಚಿತ್ತಾಪುರದಿಂದ ಬಂದಿದ್ದಾಳೆ. ಮಧ್ಯಾಹ್ನ ಅದೇ ಟಿಕೆಟ್ಟಿನಲ್ಲಿ ಅದೇ ಚಿತ್ತಾಪುರದಿಂದ ಇವನು ಬಂದಿದ್ದಾನೆ. ನನ್ನ ತಲೆಗೆ ರಕ್ತ ಏರಿತು. ಈ ಹೆಂಗಸರು ಟಿಕೆಟ್ ಒಪ್ಪಿಸದೆ ಉಳಿಸಿಕೊಂಡು ಮಾರುತ್ತಾರೆ, ಸಂಶಯವೇ ಇಲ್ಲ! ಅವನು ಏನೋ ಹೇಳಲು ಬಾಯಿ ತೆರೆದ. ಎಲ್ಲ ಗೊತ್ತಾಗಿದೆ ನಡಿ ಎಂದು ಗದರಿ ಕಳಿಸಿದೆ. ಆ ಒಂದು ನಿಮಿಷ ಸುಮ್ಮನಿದ್ದು ಕೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮರುದಿನವೇ ಸೈಡಿಂಗಿನ ಎರಡೂ ತುದಿಗಳಲ್ಲಿ ಕಾಲುದಾರಿಗೆ ಅಡ್ಡವಾಗಿ ಮುಳ್ಳುತಂತಿಯ ಬೇಲಿ ಹಾಕಿಸಿದೆ. ನಡುವಿನ ಉದ್ದಕ್ಕೂ ಬೇಲಿ ಬೇಕಿರಲಿಲ್ಲ, ಅಲ್ಲಿ ವ್ಯಾಗನ್ ಸಾಲು ನಿಂತಿರುತ್ತಿತ್ತಲ್ಲ, ಅದೇ ಗೋಡೆ. ತಂತಿ ಉಳಿಯಿತೆಂದು ಹಿಗ್ಗಿದೆ. ಹಿರಿಯ ಖಲಾಸಿಯೊಬ್ಬ ಮಾತ್ರ, "ಮಂದಿ ವ್ಯಾಗನ್ ತೆಳಗ ತೂರ್ತಾರ್ರಿ" ಎಂದ. ಜೀವದ ಮೇಲೆ ಆಸೆ ಇದ್ದವರು ತೂರಲಾರರು ಎಂದೆ. ಆ ಮಾತು ಈಗ ನೆನೆದರೂ ನಾಚಿಕೆಯಾಗುತ್ತದೆ.

ಅವರು ತೂರಿದರು. ಬುಟ್ಟಿಯನ್ನು ಮೊದಲು ತಳ್ಳಿ, ಸೀರೆಯನ್ನು ಮೇಲೆ ಕಟ್ಟಿ, ವ್ಯಾಗನ್ನಿನ ಅಡಿಯಲ್ಲಿ ಮೊಣಕಾಲೂರಿ ಒಬ್ಬರ ಹಿಂದೊಬ್ಬರು ಆಚೆಗೆ ಹೋಗುತ್ತಿದ್ದರು. ಮೊದಲ ದಿನ ನೋಡಿದಾಗಲೇ ಕೂಗಿದೆ, ಬೈದೆ, ಪೋಲೀಸ್ ಪೇದೆಯನ್ನು ನಿಲ್ಲಿಸಿದೆ. ಪೇದೆ ಒಂದು ಕಡೆ ಓಡಿದರೆ ಅವರು ಇನ್ನೊಂದು ಕಡೆ ತೂರುತ್ತಿದ್ದರು. ಬೇಲಿ ತೆಗೆಯಬೇಕೆಂದು ಒಂದು ಮನಸ್ಸು; ತೆಗೆದರೆ ಸೋತಂತೆ ಎಂದು ಇನ್ನೊಂದು. ನಾಲ್ಕು ದಿನ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದದ್ದೇ ನಡೆದದ್ದು. ಸ್ಟೇಷನ್ ಮಾಸ್ತರರು ಕುರ್ಚಿ ತೋರಿಸಿ, "ಒಂದೀಟು ಕುಂದ್ರಿ ಮಾರಾಯ್ರ, ನಿಮ್ಮನ್ನ ನೋಡಿ ನನಗ ಸುಸ್ತಾಗ್ಲಿಕತ್ತದ" ಎಂದರು.

ಐದನೆಯ ದಿನ, ಪ್ಯಾಸೆಂಜರು ನಿಂತಿರುವಾಗಲೇ ಶಹಾಬಾದ್ ಕಡೆಯ ತುದಿಯಲ್ಲಿ ಇಂಜಿನ್ನು ಬಂದು ವ್ಯಾಗನ್ ಸಾಲಿಗೆ ಹತ್ತಿಕೊಂಡಿತು. ಇಂಜಿನ್ನು ಹತ್ತಿಕೊಳ್ಳುವಾಗ ಇಡೀ ಸಾಲು ಒಮ್ಮೆ ಜಗ್ಗುತ್ತದೆ. ಜಗ್ಗಿದ ಸದ್ದು ಕೊಂಡಿಯಿಂದ ಕೊಂಡಿಗೆ ನನ್ನತ್ತ ಬರುವುದು ಕೇಳಿಸಿತು, ಅದರ ಮೇಲೆ ಹೆಂಗಸರ ಚೀರಾಟ. ಮಾಸ್ತರರು ಕೆಂಪು ಬಾವುಟ ಹಿಡಿದು ಓಡಿದರು. ನಾನು ಕಂಬಿ ದಾಟಿ ಹೋಗಿ ಬಗ್ಗಿ ನೋಡಿದೆ. ತೆಂಗಳಿಯಾಕಿ ಎರಡು ಕಂಬಿಗಳ ನಡುವೆ ಅಂಗಾತ ಮಲಗಿದ್ದಳು. ಗಾಲಿ ಒಂದು ಮೊಳ ಸರಿದು ನಿಂತಿತ್ತು. ಬುಟ್ಟಿ ಅಪ್ಪಚ್ಚಿ. ಎಡಗಾಲಿನ ಹಿಮ್ಮಡಿ ಕಂಬಿಯ ಮೇಲಿತ್ತು. ಹಿಮ್ಮಡಿಯ ಅಂಚು ಗಾಲಿಗೆ ಸಿಕ್ಕಿ ಹೋಗಿತ್ತು.

ಹೊರಗೆ ಎಳೆದುಕೊಂಡೆವು. ನನ್ನ ಅಂಗವಸ್ತ್ರ ಹರಿದು ಕಾಲಿಗೆ ಬಿಗಿದೆ. ಅವಳು ಅಳಲಿಲ್ಲ. ಬಲಗೈ ಮುಷ್ಟಿ ಬಿಚ್ಚಿ ಟಿಕೆಟ್ ತೋರಿಸಿದಳು.

"ನಾ ಪುಕ್ಸಟ್ಟೆ ಬಂದಿಲ್ರಿ. ನೋಡ್ರಿ, ತಿಕೀಟ ಅದ."

ನಾನು ಕಾಲಿನ ಪಟ್ಟಿಯ ಗಂಟನ್ನು ಇನ್ನಷ್ಟು ಬಿಗಿದೆ.

"ಯಾರರೆ ಇದನ್ನ ಮುಕಾದಮಗ ಮುಟ್ಟಸ್ರಿ," ಎಂದಳು. "ಡಬ್ಬ್ಯಾಗ ಬೀಳಲಿಲ್ಲಂದ್ರ ಇವತ್ತಿನ ಹಾಜ್ರಿ ಹೋಗ್ತದ."

ಯಾವ ಡಬ್ಬಿ ಎಂದು ಕೇಳುವುದರೊಳಗೆ ಅವಳನ್ನು ಟ್ರಾಲಿಯ ಮೇಲೆ ಶಹಾಬಾದಿನ ದವಾಖಾನೆಗೆ ಕಳಿಸಿಯಾಗಿತ್ತು. ಟಿಕೆಟ್ ಅವಳ ಮುಷ್ಟಿಯಲ್ಲೇ ಹೋಯಿತು.

ಉಳಿದ ಹೆಂಗಸರು ಹೇಳಿದರು. ಖಣಿಯಲ್ಲಿ ದಿನಕ್ಕೆ ದಿನ ಬೇರೆ ಬೇರೆ ಕೂಲಿಗಳು. ಎಲ್ಲರ ಹೆಸರು ಬರೆದು ಕರೆಯುವ ತಾಳ್ಮೆ ಅಲ್ಲಿನ ಮೇಲ್ವಿಚಾರಕ ಮುಕಾದಮನಿಗಿಲ್ಲ. ಕೆಲಸಕ್ಕೆ ಇಳಿಯುವ ಮೊದಲು ಪ್ರತಿಯೊಬ್ಬರೂ ಬೆಳಗಿನ ಟಿಕೆಟ್ಟನ್ನು ಒಂದು ಡಬ್ಬಿಗೆ ಹಾಕಬೇಕು. ಯಾರದು ಯಾವುದು ತಿಳಿಯಲಿ ಎಂದು ಒಬ್ಬೊಬ್ಬರದು ಒಂದೊಂದು ಗುರುತು: ಒಬ್ಬಳು ಸೀರೆಯ ನೂಲು ಸುತ್ತುತ್ತಾಳೆ, ಒಬ್ಬಳು ವಿಭೂತಿ ಒರೆಸುತ್ತಾಳೆ, ಒಬ್ಬಳು ಅರಿಸಿನ. ತೆಂಗಳಿಯಾಕಿ ಕಚ್ಚುತ್ತಾಳೆ. ಡಬ್ಬಿಯಲ್ಲಿ ಗುರುತು ಕಂಡರೆ ಅವನು ಹಾಜರಿ ಬರೆದುಕೊಳ್ಳುತ್ತಾನೆ, ಇಲ್ಲದಿದ್ದರೆ ದಿನವಿಡೀ ಕಲ್ಲು ಹೊತ್ತರೂ ಬಂದಿಲ್ಲವೆಂದೇ ಅರ್ಥ. ನಮ್ಮ ಗೇಟಿನಲ್ಲಿ ಟಿಕೆಟ್ ಒಪ್ಪಿಸಿದವರಿಗೆ ಅಲ್ಲಿ ದಿನ ಹೋಯಿತು. ಅವರು ತಪ್ಪಿಸಿಕೊಳ್ಳುತ್ತಿದ್ದದ್ದು ಟಿಕೆಟ್ ಇಲ್ಲವೆಂದಲ್ಲ, ಇದೆ ಎಂದು.

ಖಣಿಗೆ ಹೋದೆ. ಮುಕಾದಮನ ಮಂಚದ ಬಳಿ ಎಣ್ಣೆಯ ಡಬ್ಬಿ, ಒಳಗೆ ಕಂದು ಟಿಕೆಟ್ಟುಗಳು. ನಾನು ನೋಡುತ್ತಿರುವಂತೆಯೇ ಅವನ ಆಳೊಬ್ಬ ಡಬ್ಬಿಯನ್ನು ವಸ್ತ್ರದಲ್ಲಿ ಸುತ್ತಿ ಹತ್ತು ಗಂಟೆಯ ಗಾಡಿಗೆ ಹೊರಟ. ಚಿತ್ತಾಪುರದಲ್ಲಿ ಮಧ್ಯಾಹ್ನದ ತಂಡ ಕಾಯುತ್ತಿರುತ್ತದೆ, ಬೆಳಗಿನ ಟಿಕೆಟ್ಟುಗಳಲ್ಲೇ ಅವರು ಬರುತ್ತಾರೆ! ಕಳ್ಳತನವಿದ್ದದ್ದು ಅಲ್ಲಿ. ನಾನು ಮುಳ್ಳುತಂತಿ ಹಾಕಿದ್ದು ಹಿಮ್ಮಡಿ ಕಳೆದುಕೊಂಡವಳಿಗೆ.

ವಾಪಸು ಬಂದವನೇ ಇಕ್ಕಳ ತೆಗೆದುಕೊಂಡು ಬೇಲಿ ಕತ್ತರಿಸಿದೆ. ಖಲಾಸಿಗಳು ಕೈಹಾಕಲು ಬಂದರು, ಬೇಡವೆಂದೆ. ಕಟ್ಟಿದವನೇ ಬಿಚ್ಚಬೇಕೆಂದು ನನಗೆ ಹಟ. ಮುಳ್ಳು ಕೈಗೆ ತಾಗಿತು, ಸಮಾಧಾನವೇ ಆಯಿತು.

ಆಮೇಲೆ ಮಾಸ್ತರರ ಮುಂದೆ ನಿಂತು ನನ್ನ ಯೋಜನೆ ಹೇಳಿದೆ. ಗೇಟನ್ನು ಖಣಿಯ ಬದಿಗೆ ಒಯ್ಯಬೇಕು. ವ್ಯಾಗನ್ ಸಾಲನ್ನು ನಡುವೆ ಬಿಡಿಸಿ ಎರಡು ತುಂಡು ಮಾಡಿ ನಿಲ್ಲಿಸಬೇಕು, ಆ ಸಂದಿಯಲ್ಲಿ ಕಂಬಿಯಡಿಯ ಹಳೆಯ ಸ್ಲೀಪರ್ ದಿಮ್ಮಿಗಳನ್ನು ಹಾಸಿ ದಾರಿ ಮಾಡಬೇಕು. ಬೆಳಗಿನ ಗಾಡಿ ಹೋಗಿ ದಾರಿ ಖಾಲಿಯಾಗುವವರೆಗೆ ಸೈಡಿಂಗಿಗೆ ಇಂಜಿನ್ನು ಬಿಡಬಾರದು.

"ಸ್ಯಾಂಕ್ಷನ್ ಎಲ್ಲದ?" ಎಂದರು ಮಾಸ್ತರರು.

"ಇಲ್ರಿ."

ಅವರು ಬಾವುಟವನ್ನು ಕೋಲಿಗೆ ಸುತ್ತಿ ಮೂಲೆಗಿಟ್ಟರು. "ಆಕಿ ಚೀರಿದ್ದು ನನ್ನ ಕಿವ್ಯಾಗಿಂದ ಹೋಗವಲ್ದು," ಎಂದರು. "ಮಾಡ್ರಿ. ಇಂಜಿನ್ ನಾ ತಡೀತೀನಿ."

ಈ ಸಲ ನಕ್ಷೆ ನೋಡಲಿಲ್ಲ. ಒಬ್ಬ ಹೆಂಗಸಿನ ತಲೆಯ ಮೇಲೆ ಬುಟ್ಟಿ ಇರಿಸಿ, ಕೈ ಎತ್ತಿ ಹಿಡಿದು ನಡೆಯಲು ಹೇಳಿ ಅಳೆದೆ. ನಲವತ್ತೆರಡು ಇಂಚು. ಒಂದೇ ತಿರುವು, ಅದೂ ಅಗಲವಾಗಿ.

ಉಳಿದದ್ದು ಟಿಕೆಟ್. ರೈಲ್ವೆಗೂ ಬೇಕು, ಮುಕಾದಮನಿಗೂ ಬೇಕು, ಮತ್ತೆ ಗಾಡಿ ಹತ್ತಲು ಮಾತ್ರ ಬರಬಾರದು. ಎರಡು ದಿನ ಒಂದು ಹಳೆಯ ಟಿಕೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ಓಡಾಡಿದೆ. ಅದರ ಎರಡೂ ತುದಿಗೆ ನಂಬರು ಇರುತ್ತಿತ್ತು. ತಾರೀಖಿನ ಅಚ್ಚು ಒಂದೇ ತುದಿಗೆ. ಮನೆಯಲ್ಲಿ ಊಟ ಮುಗಿಸಿದ ಹೆಂಡತಿ ಅಡಕೊತ್ತು ಹಿಡಿದು ಅಡಿಕೆಯನ್ನು ಎರಡು ಹೋಳು ಮಾಡಿದಳು, ಕಟ್ ಎಂದು. ನಾನು ಎದ್ದು ನಿಂತೆ. ಅವಳ ಕೈಯಿಂದ ಅಡಕೊತ್ತು ಕಿತ್ತುಕೊಂಡು ಟಿಕೆಟ್ ಇಟ್ಟು ಒತ್ತಿದೆ. ಬೆಣ್ಣೆಯ ಹಾಗೆ ಕತ್ತರಿಸಿತು.

"ಅದು ನಮ್ಮವ್ವ ಗುಂಡಗುರ್ತಿಲಿಂದ ಕೊಟ್ಟು ಕಳಿಸಿದ್ದು," ಎಂದಳು ಹೆಂಡತಿ. "ಒಯ್ರಿ, ಒಯ್ರಿ. ನಾ ಅಡಕಿ ಹಲ್ಲೀಲೆ ಕಡ್ಕೋತೀನಿ."

ಹಲ್ಲು ಎಂದದ್ದಕ್ಕೆ ನನಗೆ ನಗು ಬರಲಿಲ್ಲ.

ಅಡಕೊತ್ತಿನ ಕೆಳಗಿನ ಹಿಡಿಯನ್ನು ಗೇಟಿನ ಕಂಬಕ್ಕೆ ಬೋಲ್ಟು ಹಾಕಿ ಬಿಗಿದೆ. ಅಡಿಯಲ್ಲಿ ಒಂದು ಪೆಟ್ಟಿಗೆ. ತಾರೀಖಿನ ತುದಿಯನ್ನು ಒಳಗಿಟ್ಟು ಒತ್ತಿದರೆ ಆ ಅರ್ಧ ಪೆಟ್ಟಿಗೆಗೆ, ಇನ್ನರ್ಧ ಕೂಲಿಯ ಕೈಯಲ್ಲಿ. ಇನ್ನು ಮೇಲೆ ನಿಮ್ಮ ಗುರುತನ್ನು ತಾರೀಖಿಲ್ಲದ ತುದಿಗೆ ಮಾಡಿಕೊಳ್ಳಿ ಎಂದು ಹೆಂಗಸರಿಗೆ ಹೇಳಿದೆ.

ಮುಕಾದಮ ಒಪ್ಪಲಿಲ್ಲ. "ಅರ್ಧಾ ತಿಕೀಟ ನನಗ್ಯಾಕ್ರಿ? ತಾರೀಖಿಲ್ಲ. ನಾಳಿಗಿ ನಿನ್ನೀದೇ ತರ್ತಾರ."

"ನಿನ್ನೀದು ನಿನ್ನ ಡಬ್ಬ್ಯಾಗೇ ಇರ್ತದಲ್ಲ," ಎಂದೆ.

"ಪೂರಾ ಬೇಕ್ರಿ ನನಗ."

"ಪೂರಾ ಯಾಕ ಬೇಕಂತ ನನಗೂ ಗೊತ್ತದ. ಹಲ್ಲು ಕಚ್ಚಿದ ತಿಕೀಟ ಮಧ್ಯಾಹ್ನದ ಗಾಡ್ಯಾಗ ನನ್ನ ಕೈಗೇ ಬಂದಿತ್ತು. ಅರ್ಧಾಕ್ಕ ಒಪ್ಪತಿಯೋ, ಪೂರಾ ಹೋಗಿ ಠಾಣಾದಾಗ ಹೇಳ್ಲೋ?"

ಅವನು ಬೀಡಿ ಹಚ್ಚಿದ. ಮರುದಿನ ಡಬ್ಬಿಯಲ್ಲಿ ಅರ್ಧ ಟಿಕೆಟ್ಟುಗಳು ಬಿದ್ದವು. ಅವನ ವಿಷಯ ನಾನು ಮೇಲೆ ಬರೆಯಲಿಲ್ಲ. ಬರೆದಿದ್ದರೆ ಅವನ ಜೊತೆಗೆ ಮಧ್ಯಾಹ್ನದ ತಂಡದವರೂ ಜೈಲಿಗೆ ಹೋಗುತ್ತಿದ್ದರೆಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಪೂರ್ತಿ ಹತ್ತಿಲ್ಲ, ಇವತ್ತಿಗೂ.

ತಪಾಸಣೆಗೆ ಬಂದ ಸಾಹೇಬರು ಹಳೆಯ ಜಾಗದಲ್ಲಿ ಗೇಟು ಕಾಣದೆ ಹುಡುಕಿದರು. ಕಂಬಿ ದಾಟಿಸಿ ಕರೆದೊಯ್ದೆ. ಅಡಕೊತ್ತನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿದರು.

"ಇದು ಯಾವ ನಕ್ಷೆಯಲ್ಲಿದೆ?"

ನಾನು ಬಾಯಿ ತೆರೆಯುವ ಮೊದಲೇ, ಸಾಹೇಬರೆದುರು ಎಂದೂ ಮಾತಾಡದ ಕಲೆಕ್ಟರ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹೊತ್ತು ತಂದು ಅವರ ಬೂಟಿನ ಬಳಿ ಬೋರಲು ಹಾಕಿದ. ಅರ್ಧ ಟಿಕೆಟ್ಟುಗಳ ಗುಡ್ಡೆ ಬಿತ್ತು. "ನೋಡ್ರಿ ಸಾಹೇಬ್ರ," ಎಂದ, "ಎಲ್ಲಾರೂ ತಿಕೀಟ ತಗೊಂಡೇ ಬರ್ಲಿಕತ್ತಿದ್ರು. ಕಳ್ಳರಂದ್ವಿ ನಾವು."

ಸಾಹೇಬರು ಒಂದು ಮುಷ್ಟಿ ಎತ್ತಿ ನೋಡಿ ಕೈಬಿಟ್ಟರು. ವಾರದ ಮೇಲೆ ನನಗೆ ಮೆಮೊ ಬಂತು, ಅನುಮತಿಯಿಲ್ಲದೆ ಗೇಟು ಸರಿಸಿದ್ದಕ್ಕೆ ವಿವರಣೆ ಕೊಡು ಎಂದು. ಕೊಟ್ಟೆ. ಗೇಟನ್ನು ಮಾತ್ರ ಕೀಳು ಎಂದು ಯಾರೂ ಹೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಮಂದಿಯೆಲ್ಲ ಹೋದ ಮೇಲೆ, ತೆಂಗಳಿಯಾಕಿ ಸ್ಲೀಪರ್ ದಾರಿಯ ಮೇಲೆ ನಿಧಾನವಾಗಿ ಬಂದಳು. ಹೊಸ ಬುಟ್ಟಿ. ಎಡಗಾಲನ್ನು ಬೆರಳ ತುದಿಯ ಮೇಲಷ್ಟೇ ಊರುತ್ತಿದ್ದಳು. ಆ ದಿನದ ಟಿಕೆಟ್ಟನ್ನು ಜೊತೆಯವರು ಹೇಳಿಕೊಟ್ಟಂತೆ ಅಡಕೊತ್ತಿಗಿಟ್ಟು ತಾನೇ ಒತ್ತಿದಳು, ತನ್ನ ಅರ್ಧ ತೆಗೆದುಕೊಂಡಳು. ಹೋಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಇನ್ನೊಂದು ಟಿಕೆಟ್ ತೆಗೆದಳು. ಮಾಸಿತ್ತು, ಒಂದು ಮೂಲೆಗೆ ಕಪ್ಪಾದ ರಕ್ತ.

"ಅವತ್ತಿಂದರಿ. ಕೊಡೋದು ಉಳದಿತ್ತು."

"ಇರ್ಲಿ ಬಿಡವ್ವ. ನಂದು ತಪ್ಪಾತು. ಇದನ್ನ ಯಾರೂ ಕೇಳಂಗಿಲ್ಲ ನಿನಗ."

"ನೀವು ಕೇಳಂಗಿಲ್ರಿ. ನಾ ಕೇಳಬೇಕಲ್ಲ?" ಎಂದಳು. "ಅವತ್ತು ನಾ ಬಂದಿದ್ನಿ. ಮುಕಾದಮ ಬಂದಿಲ್ಲಂತಾನ. ಕಡೀರಿ, ನಿಮ್ಮ ಅರ್ಧಾ ನೀವು ತಗೋರಿ, ನನ್ನ ಅರ್ಧಾ ನನಗ ಕೊಡ್ರಿ."

ಟಿಕೆಟ್ಟನ್ನು ಅಡಕೊತ್ತಿಗೆ ಒಯ್ದೆ. ಹಲ್ಲಿನ ಗುರುತು ಹಳೆಯ ಪದ್ಧತಿಯಂತೆ ತಾರೀಖಿನ ತುದಿಯಲ್ಲೇ ಇತ್ತು. ನನ್ನ ನಿಯಮದ ಪ್ರಕಾರ ಕತ್ತರಿಸಿದರೆ ಅವಳ ಗುರುತೂ ಅವತ್ತಿನ ತಾರೀಖೂ ಪೆಟ್ಟಿಗೆಗೆ ಬೀಳುತ್ತಿದ್ದವು. ಆ ಒಂದು ಟಿಕೆಟ್ಟನ್ನು ತಿರುಗಿಸಿ ಇಟ್ಟೆ. ಒತ್ತಿದೆ. ರೈಲ್ವೆಗೆ ತಾರೀಖಿಲ್ಲದ ತುಂಡು ಬಿತ್ತು.

ಅವಳ ಬುಟ್ಟಿ ನಾನು ಹೊತ್ತುಕೊಂಡೆ, ಬೇಡವೆಂದರೂ ಬಿಡಲಿಲ್ಲ. ಖಣಿಯವರೆಗೆ ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದೆ. ಅಷ್ಟು ನಿಧಾನ ನಾನು ಜೀವಮಾನದಲ್ಲಿ ನಡೆದಿರಲಿಲ್ಲ. ಮುಕಾದಮ ಮಂಚದಿಂದ ಎದ್ದು ನಿಂತ. ಅವಳು ಮೊದಲು ಹೊಸ ಟಿಕೆಟ್ಟಿನ ಅರ್ಧವನ್ನು ಡಬ್ಬಿಗೆ ಹಾಕಿದಳು. ಆಮೇಲೆ ಹಳೆಯದನ್ನು ಹಾಕಿದಳು.

"ಎರಡು ಬರ್ಕೋ," ಎಂದಳು.

ಅವನು ನನ್ನ ಮುಖ ನೋಡಿದ. ನಾನು ಬುಟ್ಟಿ ಹೊತ್ತುಕೊಂಡೇ ನಿಂತಿದ್ದೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವನು ಬರೆದ.